ಹುಲುಗಮ್ಮ ನೋಡಿದ್ದು

ಹುಲುಗಮ್ಮನನ್ನು ಸಿನಿಮಾದವರು ಕರೆಸಿದ್ದು ನೆಲ ಒರೆಸಲಿಕ್ಕೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಅಕ್ಕಿ ಗಿರಣಿ ಅಂದಾನಪ್ಪನವರ ಹಳೇ ಬಂಗಲೆ ಎಷ್ಟೋ ವರ್ಷದಿಂದ ಖಾಲಿ ಬಿದ್ದಿತ್ತು. ಬೆಂಗಳೂರಿನಿಂದ ಬಂದವರು ಅದನ್ನು ಇಪ್ಪತ್ತೈದು ದಿನಕ್ಕೆ ಬಾಡಿಗೆ ಹಿಡಿದಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿಟ್ಟಿದ್ದರೂ ಒಳಗೆ ಕೆಂಪು ಧೂಳು ಬೆರಳು ದಪ್ಪ ಕೂತಿತ್ತು. ಎರಡು ಸಾವಿರದ ಏಳನೇ ಇಸವಿಯ ಮಾರ್ಚ್ ತಿಂಗಳು. ಊರಿನ ಸುತ್ತ ಯಾವ ರಸ್ತೆಗೆ ಹೋದರೂ ಅದಿರು ತುಂಬಿದ ಲಾರಿಗಳ ಸಾಲು. ಬೆಳಿಗ್ಗೆ ಒರೆಸಿದ ನೆಲ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಾಗುತ್ತಿತ್ತು. ಚಿತ್ತವಾಡ್ಗಿಯಿಂದ ದಿನಾ ನಡೆದು ಬಂದು, ದಿನಕ್ಕೆ ಆರು ಸಲ ಅದೇ ಪಡಸಾಲೆಯನ್ನು ಒರೆಸಿ, ನಡುವಿಗೆ ಕೈ ಕೊಟ್ಟು ಎದ್ದು ನಿಲ್ಲುವುದು ಅವಳ ಕೆಲಸ.

ನಾಲ್ಕನೇ ದಿನ ಅಸಿಸ್ಟೆಂಟ್ ಡೈರೆಕ್ಟರ್ ಭವ್ಯ ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸಿ ತಲೆಯ ಮೇಲೆ ಅಂಗೈ ಇಟ್ಟು ಅಳೆದಳು. ಭವ್ಯ ಕಂಪ್ಲಿಯ ಹುಡುಗಿ, ಓದಿಕೊಂಡು ಸಿನಿಮಾ ಕೆಲಸಕ್ಕೆ ಹೋದವಳು. ಆ ಗುಂಪಿನಲ್ಲಿ ಊರಿನ ಮಾತಾಡುವವಳು ಅವಳೊಬ್ಬಳೇ.

"ಅಕ್ಕ, ನೀವು ನಮ್ಮ ಹೀರೋಯಿನ್‌ಗೆ ಸರಿ ಎತ್ರ ಅದೀರಿ. ಲೈಟ್ ಹಾಕೋತನಕ ಆಕಿ ನಿಂದ್ರೋ ಜಾಗದಾಗ ನೀವು ನಿಂದ್ರಬೇಕು. ಅಷ್ಟ."

"ಸುಮ್ನ ನಿಂದ್ರೋದಾ?"

"ಸುಮ್ನ ನಿಂದ್ರೋದು."

ಸುಮ್ಮನೆ ನಿಲ್ಲುವುದು ನೆಲ ಒರೆಸುವುದಕ್ಕಿಂತ ಕಷ್ಟ ಎಂದು ಹುಲುಗಮ್ಮನಿಗೆ ಮಧ್ಯಾಹ್ನದೊಳಗೆ ಗೊತ್ತಾಯಿತು. ದೀಪಗಳ ಸೆಕೆಗೆ ಸೆರಗು ಒದ್ದೆಯಾಗುತ್ತಿತ್ತು. ಹೊರಗೆ ಜನರೇಟರ್ ಗುಡುಗುಟ್ಟುತ್ತಿತ್ತು. ಕ್ಯಾಮೆರಾದವನು ಎಡಕ್ಕೆ ಅಂದರೆ ಎಡಕ್ಕೆ, ಗದ್ದ ಮೇಲೆ ಅಂದರೆ ಮೇಲೆ. ಎಲ್ಲ ಸರಿಯಾಯಿತು ಅನ್ನುವಾಗ ನಾಯಕಿ ಸ್ಫೂರ್ತಿ ಬಂದು ಆ ಜಾಗದಲ್ಲಿ ನಿಲ್ಲುತ್ತಿದ್ದಳು, ಹುಲುಗಮ್ಮ ಮೂಲೆಗೆ ಹೋಗಿ ಬಕೆಟ್ಟಿನ ಹತ್ತಿರ ಕೂರುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಅವಳು ಭವ್ಯಳನ್ನು ಸಿನಿಮಾದ ಕತೆ ಏನೆಂದು ಕೇಳಿದಳು.

ಮದುವೆಯಾದ ಹುಡುಗಿಯೊಬ್ಬಳು ಗಂಡನ ಜೊತೆ ಹಳೇ ಬಂಗಲೆಗೆ ಬರುತ್ತಾಳೆ, ಎಂದು ಭವ್ಯ ಹೇಳಿದಳು. ಗಂಡ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎಳೆದುಕೊಂಡು ಹೋಗಿ ಬಾವಿಗೆ ಹಾಕುವುದನ್ನು ನೋಡುತ್ತಾಳೆ. ಹೆಣ ಅನ್ನುತ್ತಾಳೆ. ಗಂಡ ಇಲ್ಲ ಅನ್ನುತ್ತಾನೆ, ಮನೆಯವರು ಇಲ್ಲ ಅನ್ನುತ್ತಾರೆ, ಡಾಕ್ಟರೂ ಇಲ್ಲ ಅನ್ನುತ್ತಾರೆ. ಆಮೇಲೆ ಅವಳಿಗೆ ಯಾವುದು ಕಂಡದ್ದು, ಯಾವುದು ಕಾಣದ್ದು ಗೊತ್ತಾಗದೆ ಹೋಗುತ್ತದೆ.

ಹುಲುಗಮ್ಮ ತುತ್ತನ್ನು ಕೈಯಲ್ಲೇ ಹಿಡಿದಿದ್ದಳು. "ಆಕಿ ನೋಡಿದ್ದು ಖರೇನೋ, ಸುಳ್ಳೋ?"

"ಸುಳ್ಳಕ್ಕ. ಕಡೀಗೆ ಬಾವಿ ನೀರೆಲ್ಲಾ ತೆಗಸ್ತಾರ, ಏನೂ ಇರಂಗಿಲ್ಲ. ಎಲ್ಲಾ ಆಕಿ ತಲಿಯಾಗಿಂದು."

"ಹಂಗಂತ ಯಾರ್ ಹೇಳಿದ್ರು?"

ಭವ್ಯ ನಕ್ಕಳು. "ಕತಿ ಹಂಗ ಬರದೈತಿ ಅಕ್ಕ."

ಹುಲುಗಮ್ಮನಿಗೆ ಊಟ ಸೇರಲಿಲ್ಲ. ತಟ್ಟೆ ತೊಳೆದಿಟ್ಟು ಒಳಗೆ ಹೋಗಿ ಮತ್ತೆ ನೆಲ ಒರೆಸಿದಳು.

ಅವಳ ಗಂಡ ಕೆಂಚಣ್ಣ ಸತ್ತು ಮೂರು ವರ್ಷವಾಗಿತ್ತು. ಸಂಡೂರು ರಸ್ತೆಯ ಪಕ್ಕ, ಅದಿರು ಗುಡ್ಡೆ ಹಾಕುವ ಒಂದು ಪ್ಲಾಟಿನಲ್ಲಿ, ತುಂಬಿದ ಲಾರಿಗಳಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವ ಕೆಲಸ ಅವನದು. ಅವಳ ತಮ್ಮ ಮಾರೆಪ್ಪನೂ ಅಲ್ಲೇ ಕೂಲಿ ಮಾಡುತ್ತಿದ್ದ. ಅವತ್ತು ಹುಲುಗಮ್ಮ ಇಬ್ಬರಿಗೂ ರೊಟ್ಟಿ ಕಟ್ಟಿಕೊಂಡು ಹೋಗಿದ್ದಳು. ಕೆಂಚಣ್ಣ ಒಂದು ಟಿಪ್ಪರಿನ ಹಿಂದೆ ಕೂತು ಹರಿದ ತಾಡಪತ್ರಿ ಮಡಚುತ್ತಿದ್ದ. ಪ್ಲಾಟಿನ ಕಂಟ್ರಾಕ್ಟರ್ ನಾಗೇಂದ್ರಪ್ಪನ ಹೆಂಡತಿಯ ತಮ್ಮ, ಲಾರಿ ಓಡಿಸುವ ಹುಚ್ಚಿನ ಹುಡುಗ, ಆ ಟಿಪ್ಪರು ಹತ್ತಿ ಹಿಂದಕ್ಕೆ ಬಿಟ್ಟ. ಹುಲುಗಮ್ಮ ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಕೂಗು ಯಾರಿಗೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಮೂಕಪ್ಪ ಎಂಬ ಡ್ರೈವರ್ ತಾನೇ ಲಾರಿ ಬಿಟ್ಟೆನೆಂದು ಠಾಣೆಗೆ ಹೋಗಿ ಕೂತಿದ್ದ. ಹುಲುಗಮ್ಮ ಅವನಲ್ಲ ಅಂದಳು. ಬರೆದುಕೊಳ್ಳುತ್ತಿದ್ದವರು ಅವಳ ಮುಖವನ್ನೂ ನೋಡಲಿಲ್ಲ. ನಾಗೇಂದ್ರಪ್ಪ ಮನೆಗೆ ಬಂದು ಕೈ ಮುಗಿದು, ದುಃಖದಲ್ಲಿ ಹೀಗೆಲ್ಲ ಅನಿಸುವುದುಂಟು ತಾಯಿ, ಎಂದ. ಕೊನೆಗೆ ಮಾರೆಪ್ಪನೇ ಅವಳ ಎದುರು ಕೂತು ಹೇಳಿದ: "ಅಕ್ಕ, ನೀ ಬರೋದ್ರಾಗ ಎಲ್ಲಾ ಆಗಿಹೋಗಿತ್ತು. ನೀ ಗೇಟಿನ ಹತ್ರನ ಬಿಸಿಲಿಗೆ ತಲಿ ತಿರುಗಿ ಬಿದ್ದಿದ್ದಿ. ನೀ ಏನೂ ನೋಡಿಲ್ಲ."

ಬೇರೆ ಯಾರು ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ. ಮಾರೆಪ್ಪ ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನು ವಾರಕ್ಕೆರಡು ಸಲ ಬಂದು ಅದೇ ಮಾತು ಹೇಳಿದ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇಲ್ಲದ್ದು ಕಾಣುತ್ತದೆ ಅನ್ನುತ್ತಾಳೆ ಎಂದು ಹೇಳಿ ಮಾತ್ರೆ ಬರೆಸಿಕೊಟ್ಟ. ಮಾತ್ರೆ ನುಂಗಿದರೆ ನಾಲಗೆ ದಪ್ಪವಾಗುತ್ತಿತ್ತು, ಹಗಲು ಉದ್ದವಾಗುತ್ತಿತ್ತು. ಆಮೇಲೆ ಸಣ್ಣಪುಟ್ಟದ್ದೂ ಕೈ ತಪ್ಪತೊಡಗಿತು. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಪಕ್ಕದ ಮನೆಯ ಕರೆಮ್ಮನನ್ನು, "ನಾ ಈಗ ನಿನ್ ಜೊತಿ ಮಾತಾಡಿದ್ನಲ್ಲ?" ಎಂದು ಕೇಳುತ್ತಿದ್ದಳು. ಬಜಾರಿನಲ್ಲಿ ಕೆಂಚಣ್ಣನ ಬೆನ್ನು ಕಾಣುತ್ತಿತ್ತು. ಹಿಂದೆ ಹೋದರೆ ಬೇರೆ ಯಾರೋ. ಒಮ್ಮೆ ಅಂಥ ಬೆನ್ನೊಂದರ ಹಿಂದೆ ಹಂಪಿ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೂ ಹೋಗಿ, ಇಳಿಯದೆ ಕೂತಿದ್ದಳು. ಕಂಡಕ್ಟರ್ ವಾಪಸು ಕರೆತಂದು ಬಿಟ್ಟ.

ಓಣಿಯಲ್ಲಿ ಹುಲುಗಮ್ಮನ ತಲೆ ಸರಿಯಿಲ್ಲ ಅನ್ನುವ ಮಾತು ಹುಟ್ಟಿತು. ಅವಳೂ ಬರಬರುತ್ತ ಹೌದೆಂದುಕೊಂಡಳು. ಗೇಟಿನ ಹತ್ತಿರ ಬಿದ್ದವಳು ಒಬ್ಬಳು, ಗೇಟು ದಾಟಿ ಎಲ್ಲ ನೋಡಿದವಳು ಇನ್ನೊಬ್ಬಳು. ಇಬ್ಬರನ್ನೂ ಹೊತ್ತು ತಿರುಗುವುದು ಸಾಕಾಗಿತ್ತು. ಬಿದ್ದವಳಾಗಿ ಇರುವುದೇ ಸುಲಭ ಅನಿಸಿತ್ತು.

ಹನ್ನೊಂದನೇ ದಿನ ಗಂಡ ಹೆಂಡತಿಯ ಜಗಳದ ದೃಶ್ಯ. ಗಂಡನ ಪಾತ್ರದವನು ಬೆಂಗಳೂರಿನಿಂದ ಮರುದಿನ ಬರುವವನಿದ್ದ. ಅಷ್ಟರಲ್ಲಿ ಹೆಂಡತಿ ಮಾತ್ರ ಕಾಣುವ ಶಾಟುಗಳನ್ನು ಮುಗಿಸಿಬಿಡೋಣ ಎಂದು ಡೈರೆಕ್ಟರ್ ಬಸವಕುಮಾರ್ ಹೇಳಿದ. ಸ್ಫೂರ್ತಿಯ ಜಾಗದಲ್ಲಿ ಹುಲುಗಮ್ಮ ನಿಂತಳು. ಕ್ಯಾಮೆರಾ ಎಷ್ಟು ಹೊತ್ತಿಗೆ ಹತ್ತಿರ ಬರಬೇಕು ಎಂದು ಲೆಕ್ಕ ಹಿಡಿಯಲಿಕ್ಕೆ ಭವ್ಯ ಕಾಗದ ನೋಡಿಕೊಂಡು ಗಂಡನ ಮಾತು ಓದುತ್ತಿದ್ದಳು.

"ನೀನು ಏನೂ ನೋಡಿಲ್ಲ. ನಿನಗೆ ತಲೆ ಸುತ್ತಿ ಬಂದಿತ್ತು. ಅಲ್ಲಿ ಏನೂ ಆಗಿಲ್ಲ."

ಕ್ಯಾಮೆರಾದವನಿಗೆ ಸರಿ ಬರಲಿಲ್ಲ. ಇನ್ನೊಂದ್ಸಲ ಅಂದ. ಭವ್ಯ ಓದಿದಳು. ದೀಪ ಸರಿಸಿದರು. ಮತ್ತೆ ಓದಿದಳು. ಕರೆಂಟ್ ಹೋಗಿ ಜನರೇಟರ್ ಶುರುವಾಯಿತು. ಮತ್ತೆ ಓದಿದಳು. ಓದಿ ಓದಿ ಅವಳ ದನಿ ಸಪ್ಪಗಾಗಿತ್ತು. ಮಾರೆಪ್ಪನ ದನಿಯೂ ಹಾಗೇ ಸಪ್ಪಗೆ, ಬೇಸರವಿಲ್ಲದೆ, ಸಿಟ್ಟಿಲ್ಲದೆ ಇರುತ್ತಿತ್ತು. ಏಳನೆಯ ಸಲವೋ ಎಂಟನೆಯ ಸಲವೋ, "ನೀನು ಏನೂ ನೋಡಿಲ್ಲ" ಎಂದು ಭವ್ಯ ಓದಿದಾಗ ಹುಲುಗಮ್ಮ ಮಾತಾಡಿದಳು.

"ನೋಡೀನಿ," ಅಂದಳು.

ಯಾರೋ ನಕ್ಕರು.

"ನಾ ಗೇಟು ದಾಟಿ ಒಳಗ ಬಂದಿದ್ದೆ. ರೊಟ್ಟಿ ಗಂಟು ಕೈಯಾಗಿತ್ತು. ಗಾಡಿ ಹಿಂದಕ್ಕ ಬಂತು. ನಾ ಕೂಗಿದೆ. ಗಾಡಿ ಒಂದ್ ಸಲ ಎದ್ದು ಇಳೀತು, ಆಮ್ಯಾಗ ನಿಂತಿತು. ಬಾಗಲಾ ತಗದು ಆ ಹುಡುಗ ಇಳಿದ. ನೀಲಿ ಅಂಗಿ. ಇಳಿಯೋವಾಗ ಒಂದ್ ಚಪ್ಲಿ ಬಿತ್ತು, ಎತ್ಕೊಳ್ಳಿಲ್ಲ. ನನ್ನ ನೋಡಿದ. ನಾನೂ ಅವನ್ನ ನೋಡಿದೆ. ಮೂಕಪ್ಪ ಅಲ್ಲ ಅಂವ. ಮೂಕಪ್ಪ ಅವಾಗ ಆ ಕಡಿ ಚಾ ಅಂಗಡಿಯಾಗ ಕುಂತಿದ್ದ."

ಅವಳು ಅಳುತ್ತಿರಲಿಲ್ಲ. ದನಿ ಏರಿಸಿರಲಿಲ್ಲ. ಕಾಲು ನೋಯುತ್ತಿದ್ದುದರಿಂದ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿ ಸುಮ್ಮನೆ ನಿಂತಳು. ಭವ್ಯಳ ಕೈಯಲ್ಲಿ ಕಾಗದ ಹಾಗೇ ಇತ್ತು.

ಮೊದಲು ಮಾತಾಡಿದವನು ಬಸವಕುಮಾರ್. "ಭವ್ಯ, ಈಗ ಹೇಳಿದ್ದನ್ನ ಹಾಗೇ ಬರ್ಕೋ. ಒಂದಕ್ಷರ ಬಿಡಬೇಡ." ಸ್ಫೂರ್ತಿಯ ಕಡೆ ತಿರುಗಿ, "ನೋಡಿದ್ರಾ? ಇದು ಬೇಕು ನನಗೆ. ಈ ದನಿ. ಅಮ್ಮ, ಇನ್ನೊಂದು ಸಲ ಹೇಳ್ತೀರಾ?" ಎಂದ.

"ಇಲ್ರಿ," ಅಂದಳು ಹುಲುಗಮ್ಮ. "ಆತು." ಬೆಳಕಿನಿಂದ ಹೊರಗೆ ಬಂದು ಹಿತ್ತಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಸ್ಫೂರ್ತಿ ಅಲ್ಲಿಗೆ ಬಂದಳು. ಮೂವತ್ತರ ಹತ್ತಿರದ ಹೆಣ್ಣು, ಮೇಕಪ್ಪಿನಲ್ಲಿ ಕಣ್ಣ ಕೆಳಗೆ ಕಪ್ಪು ಬಳಿದಿದ್ದರು. ಅದರ ಕೆಳಗೂ ನಿಜವಾದ ಕಪ್ಪಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳ ಪಕ್ಕ ಕೂತಳು.

"ಅಮ್ಮ, ನೀವು ಹೇಳಿದ್ದು ನಿಜವಾಗಿ ನಡೆದಿದ್ದಾ?"

ಹುಲುಗಮ್ಮ ಅವಳ ಮುಖ ನೋಡಿದಳು. ಮೂರು ವರ್ಷದಲ್ಲಿ ಇದನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು. ಏನು ಉತ್ತರ ಕೊಡಬೇಕೆಂದು ಅವಳು ಒಳಗೆ ಹುಡುಕಿದಳು. ಗೇಟಿನ ಹತ್ತಿರ ಬಿದ್ದ ನೆನಪನ್ನು ಹುಡುಕಿದಳು. ಬಿದ್ದವರಿಗೆ ಮಂಡಿಯೋ ಮೊಣಕೈಯೋ ತರಚಿರಬೇಕು, ಬಾಯಲ್ಲಿ ಮಣ್ಣಿನ ರುಚಿ ಇರಬೇಕು. ಅವಳಿಗೆ ಅಂಥದ್ದೊಂದೂ ನೆನಪಿರಲಿಲ್ಲ. ಇದ್ದದ್ದು ಮಾರೆಪ್ಪನ ಮಾತು ಮಾತ್ರ.

"ಖರೇ ಐತ್ರಿ," ಅಂದಳು.

"ಹಾಗಾದ್ರೆ ಯಾರೂ ನಂಬಲಿಲ್ವಾ?"

"ನಾನ ನಂಬಲಿಲ್ರಿ."

ಸ್ಫೂರ್ತಿ ಒಳಗಿನಿಂದ ಕರೆಯುವವರೆಗೂ ಅಲ್ಲೇ ಕೂತಿದ್ದಳು.

ಅವತ್ತು ಮೂರು ಗಂಟೆಗೇ ಕೆಲಸ ಬಿಟ್ಟು ಹುಲುಗಮ್ಮ ಸಂಡೂರಿನ ಬಸ್ಸು ಹತ್ತಿದಳು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿತು. ಪ್ಲಾಟಿನ ಹತ್ತಿರ ಇಳಿದಾಗ ಬಿಸಿಲು ಇನ್ನೂ ಇತ್ತು. ಕೆಂಚಣ್ಣ ಸತ್ತ ತಿಂಗಳೊಳಗೆ ಮಾರೆಪ್ಪನಿಗೆ ಕೂಲಿ ಹೋಗಿ ವಾಚ್‌ಮನ್ ಕೆಲಸ ಸಿಕ್ಕಿತ್ತು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕೂತಿದ್ದ. ಅಕ್ಕನನ್ನು ಕಂಡು ಗಾಬರಿಯಿಂದ ಎದ್ದ.

"ಯಾಕಕ್ಕ, ಇಲ್ಲಿಗ್ಯಾಕ ಬಂದಿ? ಮಾತ್ರಿ ತಗೊಂಡಿಲ್ಲೇನು?"

"ಮಾರೆಪ್ಪ, ನಾ ಎಲ್ಲಿ ಬಿದ್ದಿದ್ದೆ? ಆ ಜಾಗ ತೋರ್ಸು."

ಅವನು ಗೇಟಿನ ಎಡಕ್ಕೆ ಕೈ ತೋರಿಸಿದ. ಆಮೇಲೆ ಕೈ ಇಳಿಸಿ ಬಲಗಡೆ ನೋಡಿದ. ಹುಲುಗಮ್ಮ ಕಾದಳು. ಒಂದು ಲಾರಿ ಒಳಗೆ ಬಂತು, ಅವನು ಹೋಗಿ ಚೀಟಿ ನೋಡಿ ಬಿಟ್ಟು ಬಂದ. ಕೆಮ್ಮಿದ, ಉಗುಳಿದ, ಉಗುಳೂ ಕೆಂಪಗಿತ್ತು.

"ಕುಂದ್ರಕ್ಕ," ಅಂದ.

"ಕುಂದ್ರಂಗಿಲ್ಲ. ಹೇಳು."

ಅವನು ತಾನೇ ಕುಕ್ಕರಗಾಲಲ್ಲಿ ಕೂತ. ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. "ತಲಿ ತಿರುಗಿ ಬಿದ್ದಾಂವ ನಾನಕ್ಕ. ಆ ಗುಡ್ಡಿ ಮಗ್ಗಲದಾಗ. ಮಾವನ್ನ ಹಂಗ ನೋಡಿ ಬಿದ್ದೆ. ನೀ ನಿಂತಿದ್ದಿ. ನನ್ನ ಎಬ್ಬಿಸಿ ನೀರು ಕುಡಿಸಿದಾಕಿ ನೀನ."

ಹುಲುಗಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ದೂರ ಹೊತ್ತು ತಂದ ಕಟ್ಟಿಗೆ ಹೊರೆಯನ್ನು ಯಾರೋ ಇಳಿಸಿಕೊಂಡಂತೆ ಕುತ್ತಿಗೆ ನೋಯಿತು, ಅಷ್ಟೇ. "ಅಲ್ಲೋ," ಅಂದಳು, "ನಂಗ ಹುಚ್ಚು ಹಿಡಿಯೋದನ್ನ ನೀ ದಿನಾ ನೋಡ್ಕೊಂತ ಕುಂತಿದ್ದ್ಯಲ್ಲ."

"ಎರಡ್ ಹೆಣ್ಣುಮಕ್ಳು ನಂಗ. ಸಾಹುಕಾರ ಕೆಲಸ ಕೊಡ್ತೀನಿ ಅಂದ. ನಿಮ್ಮಕ್ಕನ್ನ ಸುಮ್ನಾಗ್ಸು ಅಂದ. ಎಂಟ್ ದಿನ ಹೇಳಿದ್ರ ಮರೀತಿ ಅನ್ಕೊಂಡೆ. ನೀ ಮರೀಲಿಲ್ಲ, ನಾ ಹೇಳೋದ ಬಿಡಲಿಲ್ಲ."

"ಈಗ ಬಂದು ಠಾಣೆದಾಗ ಹೇಳ್ತಿ?"

ಅವನು ನೆಲ ನೋಡಿದ. "ಆಗಂಗಿಲ್ಲಕ್ಕ."

"ಆತು," ಅಂದು ಹುಲುಗಮ್ಮ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ನಿಂತಳು. ಅವನು ಹಿಂದೆ ಬಂದು ನೀರಿನ ಬಾಟಲಿ ಕೊಟ್ಟ. ಬಾಯಾರಿಕೆ ಆಗಿತ್ತು, ಕುಡಿದಳು.

ಮರುದಿನ ಬೆಳಿಗ್ಗೆ ಬಂಗಲೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಸ್ಫೂರ್ತಿಯ ದನಿ ಕೇಳಿಸಿತು. "ಒಂದು ಚಪ್ಪಲಿ ಬಿತ್ತು. ಎತ್ಕೊಳ್ಳಲಿಲ್ಲ. ನನ್ನನ್ನ ನೋಡಿದ. ನಾನೂ ಅವನನ್ನ ನೋಡಿದೆ." ಗಂಡನ ಪಾತ್ರದವನು ಎದುರು ನಿಂತಿದ್ದ. ಮಾತು ಕಲಿಯುವುದು ನಡೆದಿತ್ತು.

ಹುಲುಗಮ್ಮ ಬಕೆಟ್ಟು ಕೆಳಗಿಟ್ಟು ನೇರ ಬಸವಕುಮಾರನ ಹತ್ತಿರ ಹೋದಳು.

"ಸಾಹೇಬ್ರ, ಅವು ನನ್ನ ಮಾತು."

"ಹೌದಮ್ಮ, ನಿಮ್ಮವೇ. ಇಡೀ ಸಿನಿಮಾದಲ್ಲಿ ಇದೇ ಒಳ್ಳೇ ಸೀನ್ ಆಗುತ್ತೆ. ಅದಕ್ಕೆ ಬೇರೆ ದುಡ್ಡು ಕೊಡಿಸ್ತೀನಿ."

"ರೊಕ್ಕ ಬ್ಯಾಡ್ರಿ. ನಿಮ್ಮ ಸಿನಿಮಾದಾಗ ಆಕಿ ನೋಡಿದ್ದು ಕಡೀಗೆ ಸುಳ್ಳಾಗತೈತಿ ಅಂತಲ್ಲ."

"ಅದು ಕತೆ ಅಮ್ಮ."

"ನನ್ನ ಮಾತು ಅದರಾಗ ಹಾಕಿದ್ರ ಅವೂ ಸುಳ್ಳಾಗ್ತಾವ್ರಿ. ಊರೆಲ್ಲಾ ಟಾಕೀಸಿನಾಗ ಕುಂತು ಸುಳ್ಳು ಅಂತೈತಿ. ಮೂರ್ ವರ್ಷ ಅದನ್ನ ಕೇಳಿ ಕೇಳಿ ಸಾಕಾಗೇತಿ. ನೀವು ಬ್ಯಾರೆ ಏನಾರ ಬರ್ಕೊಳ್ರಿ."

ಬಸವಕುಮಾರ್ ಕೆಟ್ಟವನಲ್ಲ. ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಿರ್ಮಾಪಕರು ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು, ಗಂಡನ ಪಾತ್ರದವನು ಮೂರೇ ದಿನ ಇರುವವನು. "ಯೋಚನೆ ಮಾಡೋಣ," ಅಂದ. ಆಮೇಲೆ ಯೋಚನೆ ಮಾಡದೆ, ಎಲ್ಲರೂ ಜಾಗಕ್ಕೆ ಬನ್ನಿ ಎಂದು ಕೂಗಿದ.

ಟೇಕ್ ಶುರುವಾಯಿತು. ಗಂಡ, ನೀನು ಏನೂ ನೋಡಿಲ್ಲ ಅಂದ. ಸ್ಫೂರ್ತಿ ಮೊದಲಿನ ಕಾಗದದಲ್ಲಿದ್ದ ಹಳೇ ಮಾತು ಹೇಳಿದಳು: ಬಾವಿ, ಬಟ್ಟೆ, ಕತ್ತಲೆ. ಬಸವಕುಮಾರ್ ಕಟ್ ಅಂದ.

"ಸಾರಿ ಸರ್, ಹೊಸದು ಮರೆತುಹೋಯ್ತು."

ಭವ್ಯ ಬಂದು ಹೊಸ ಮಾತು ಓದಿಹೇಳಿದಳು. ಸ್ಫೂರ್ತಿ ತಲೆಯಾಡಿಸಿದಳು. ಎರಡನೇ ಸಲವೂ ಹಳೇ ಮಾತೇ ಬಂತು. ಮೂರನೇ ಸಲವೂ. ನಾಲ್ಕನೇ ಸಲ ಗಂಡನ ಪಾತ್ರದವನು ನಿಟ್ಟುಸಿರು ಬಿಟ್ಟು ಗಡಿಯಾರ ನೋಡಿಕೊಂಡ. ಆರನೇ ಸಲ ಮುಗಿದ ಮೇಲೆ ಬಸವಕುಮಾರ್ ಕುರ್ಚಿಯಲ್ಲಿ ಕೂತು ಸ್ಫೂರ್ತಿಯನ್ನೇ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಸರಿ," ಅಂದ. "ಹಳೇದೇ ಇರಲಿ. ಮುಂದಿನ ಶಾಟ್."

ಸ್ಫೂರ್ತಿ ಹುಲುಗಮ್ಮನ ಪಕ್ಕದಿಂದಲೇ ಹಾದು ಹೊರಗೆ ಹೋಗಿ ನೀರು ಕುಡಿದಳು. ನಿಜವಾಗಿ ಮರೆತಳೋ, ಬೇಕಂತಲೇ ಬಿಟ್ಟಳೋ ಎಂದು ಹುಲುಗಮ್ಮ ಕೇಳಲಿಲ್ಲ.

ಸಾಮಾನು ಕಟ್ಟುವ ದಿನ ಭವ್ಯ ತನ್ನ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು ತಂದಳು. ಅವಳಿಗೆ ಮುಖ ಎತ್ತಲಿಕ್ಕೆ ಆಗುತ್ತಿರಲಿಲ್ಲ. "ಇವು ನಿಮ್ಮವು ಅಕ್ಕ. ನಾ ಬರಕೋಬಾರದಿತ್ತು."

"ನಂಗ ಓದಾಕ ಬರಂಗಿಲ್ಲ ತಂಗಿ. ನೀನ ಓದು."

ಭವ್ಯ ಓದಿದಳು. ಹುಲುಗಮ್ಮ ಕೇಳಿ, ಇನ್ನೂ ಮೂರ್ನಾಲ್ಕು ಮಾತು ಸೇರಿಸು ಅಂದಳು. ಅದನ್ನೇ ಭವ್ಯ ಅರ್ಜಿಯಾಗಿ ಬರೆದಳು. ಹುಲುಗಮ್ಮ ತನಗೆ ಬರುತ್ತಿದ್ದ ನಾಲ್ಕು ಅಕ್ಷರದ ರುಜು ಹಾಕಿದಳು. ಇಬ್ಬರೂ ಠಾಣೆಗೆ ಹೋಗಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದರು. ಅರ್ಜಿಯಿಂದ ಏನೂ ಆಗಲಿಲ್ಲ. ಅವಳು ಆರು ತಿಂಗಳು ಓಡಾಡಿ ಬಿಟ್ಟಳು. ಆದರೆ ಬೀಗ ನೋಡಲಿಕ್ಕೆ ಅರ್ಧ ದಾರಿಯಿಂದ ವಾಪಸು ಬರುವುದು ನಿಂತಿತು. ಬೇರೆ ಡಾಕ್ಟರನ್ನು ಕೇಳಿ ಮಾತ್ರೆಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಪೂರ್ತಿ ಬಿಟ್ಟಳು. ಸಿನಿಮಾ ಹೊಸಪೇಟೆಯಲ್ಲಿ ಒಂದು ವಾರ ಓಡಿತಂತೆ. ಅವಳು ನೋಡಲಿಕ್ಕೆ ಹೋಗಲಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಗಣಿಗಳೆಲ್ಲ ನಿಂತವು. ರಸ್ತೆಗಳು ಖಾಲಿಯಾದವು. ನಾಗೇಂದ್ರಪ್ಪ ಪ್ಲಾಟು ಮುಚ್ಚಿ ಊರು ಬಿಟ್ಟ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಾರೆಪ್ಪ ಚಿತ್ತವಾಡ್ಗಿಗೆ ಬಂದ. ನಾಲ್ಕು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಕೂದಲು ಬೆಳ್ಳಗಾಗಿತ್ತು, ಮೆಟ್ಟಿಲು ಹತ್ತುವಷ್ಟಕ್ಕೇ ಉಬ್ಬಸ.

"ಕೆಲಸ ಹೋತಕ್ಕ. ಈಗ ಬಂದು ಹೇಳ್ತೀನಿ, ನಡಿ."

"ಕೆಲಸ ಇದ್ದಿದ್ರ ಬರ್ತಿದ್ದಿಲ್ಲ."

"ಬರ್ತಿದ್ದಿಲ್ಲ," ಅಂದ.

ಹುಲುಗಮ್ಮ ಸೀರೆ ಬದಲಿಸಿ, ಸೀಲು ಹಾಕಿದ ಕಾಗದ ತೆಗೆದುಕೊಂಡು ಅವನ ಜೊತೆ ಹೊರಟಳು. ಠಾಣೆಯಲ್ಲಿ ಹಳೇ ಫೈಲು ಹುಡುಕಿದರು, ಸಿಗಲಿಲ್ಲ. ಬರೆಯುವ ಪೊಲೀಸಿನವನು ಹೊಸಬ, ವಯಸ್ಸಿನ ಹುಡುಗ; ಬೇಕಾದರೆ ಹೇಳಿಕೆ ಬರೆದುಕೊಳ್ಳುತ್ತೇನೆ, ಮುಂದಿನದು ದೊಡ್ಡವರು ನೋಡಬೇಕು ಅಂದ. ಮಾರೆಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಯಾರು ಲಾರಿ ಬಿಟ್ಟದ್ದು, ಯಾರು ತನ್ನನ್ನು ಕರೆದು ಏನು ಹೇಳಿದ್ದು, ತಾನು ಅಕ್ಕನಿಗೆ ಏನು ಹೇಳಿದ್ದು. ಲಾರಿಯ ಮುಖ ಸಂಡೂರಿನ ಕಡೆ ಇತ್ತು ಅಂದ.

"ನಂಗ ಹೊಸಪೇಟಿ ಕಡಿ ಇತ್ತು ಅಂತ ನೆನಪು," ಅಂದಳು ಹುಲುಗಮ್ಮ.

ಪೊಲೀಸಿನವನು ಪೆನ್ನು ನಿಲ್ಲಿಸಿದ. "ಎರಡರಾಗ ಯಾವ್ದು ಬರೀಲಿ?"

"ಅವಂದು ಅಂವ ಹೇಳಿದಂಗ ಬರೀರಿ. ನಂದು ನಾ ಹೇಳಿದಂಗ ಬರೀರಿ."

ಅವನು ಹಾಗೇ ಬರೆದ. ಸೋಮವಾರ ಬರಲಿಕ್ಕೆ ಹೇಳಿದ. ಹೊರಗೆ ಬಂದಾಗ ಮಾರೆಪ್ಪನಿಗೆ ಕೆಮ್ಮು ಹತ್ತಿತು. ಹುಲುಗಮ್ಮ ಅವನನ್ನು ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಚಹಾ ತರಿಸಿದಳು. ಅವನು ಕುಡಿಯುವವರೆಗೂ ಕಾದು, ಮನೆ ಕೆಲಸಕ್ಕೆ ಹೊತ್ತಾಯಿತು ಎಂದು ಎದ್ದಳು.